ಸಾವ್ಕಾರನ ಕೆಮ್ಮು

ನನ್ನಿಂದ ಡಿಗ್ರಿ ಮುಗಿಯುವುದಿಲ್ಲ ಎಂದು ಮೊಟ್ಟಮೊದಲು ಹೇಳಿದವರು ನನ್ನ ದೊಡ್ಡಪ್ಪ. ಸಿಟ್ಟಿನಿಂದ ಹೇಳಿದ್ದಲ್ಲ. ಹೊನ್ನಾವರದಲ್ಲಿರುವ ತಮ್ಮ ಮೀನೂಟದ ಖಾನಾವಳಿಯ ದುಡ್ಡಿನ ಗಲ್ಲೆಯಲ್ಲಿ ಕೂತು, ಬಾಳೆ ಎಲೆಯ ಕಟ್ಟು ಬಿಚ್ಚುತ್ತ, ಮಧ್ಯಾಹ್ನದ ಮೇಲೆ ಮಳೆ ಬರಬಹುದು ಎನ್ನುವ ಧಾಟಿಯಲ್ಲಿ ಹೇಳಿದ್ದು. "ನಮ್ಮ ಪೈಕಿ ಹತ್ತನೇ ಇಯತ್ತೆ ದಾಟ್ದವ್ರೇ ಇಲ್ಲ. ಕೂಸು ಎರಡು ವರ್ಷ ಹೋಗ್ತದೆ, ಆಮೇಲೆ ಬಿಡ್ತದೆ. ಡಿಗ್ರಿ ಗಿಗ್ರಿ ಎಲ್ಲ ನಮ್ಮಿಂದ ಆಗೂ ಕೆಲ್ಸ ಅಲ್ಲ." ಹೀಗೆಂದವರು ಅದೇ ಉಸಿರಿನಲ್ಲಿ ಎದ್ದು ಹೋಗಿ, ಖಾನಾವಳಿಯ ಹಿಂದಿನ ಕೋಣೆಯಲ್ಲಿದ್ದ ಅಕ್ಕಿ ಚೀಲಗಳನ್ನು ಸರಿಸಿ ನನಗೊಂದು ಮಂಚ ಹಾಕಿಸಿದರು. ಇಂಥ ಮನುಷ್ಯನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ನಾನು ಅರ್ಧ ಮಾತ್ರ ಮಾಡಿಕೊಂಡೆ.

ಇವತ್ತು ಬೆಳಿಗ್ಗೆ ಇದೆಲ್ಲ ನೆನಪಾಗಲು ಕಾರಣ ಒಂದು ಘಾಟು. ಭಟ್ಕಳದಲ್ಲಿ ನಾನು ಬಾಡಿಗೆಗಿರುವ ಮಹಡಿಯ ಕೆಳಗಿನ ಮನೆಯಲ್ಲಿ ಒಣಮೆಣಸು ಹುರಿಯಲು ಶುರುವಾಯಿತು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಸೀರೆಯ ನೆರಿಗೆ ಹಿಡಿದುಕೊಂಡು ನಿಂತವಳು ಹಾಗೇ ಕೆಮ್ಮತೊಡಗಿದೆ. ಅದೇ ಹೊತ್ತಿಗೆ ಫೋನು. ಹೊನ್ನಾವರದ ಕಾಲೇಜಿನ ಕಚೇರಿಯಿಂದ. "ನಿಮ್ಮ ಘಟಿಕೋತ್ಸವದ ಸರ್ಟಿಫಿಕೇಟ್ ಬಂದಿದೆ. ಬಂದು ಸಹಿ ಮಾಡಿ ತಗೊಂಡು ಹೋಗಿ" ಎಂದರು ಗುಮಾಸ್ತರು. ನಾನು ಕೆಮ್ಮುತ್ತಲೇ ಹೂಂ ಅಂದೆ. "ಔಷಧಿ ತಗೊಳ್ಳಿ" ಎಂದು ಫೋನಿಟ್ಟರು. ಹುರಿದ ಮೆಣಸಿನ ಘಾಟಿಗೂ ನನ್ನ ಡಿಗ್ರಿಗೂ ಇರುವ ಸಂಬಂಧ ಪಾಪ ಅವರಿಗೆ ಹೇಗೆ ಗೊತ್ತಿರಬೇಕು? ನಿಮಗೂ ಗೊತ್ತಿಲ್ಲವಲ್ಲ. ಶಾಲೆಗೆ ರಜೆ ಹೇಳಿ ಬಸ್ಸು ಹತ್ತಿದ್ದೇನೆ, ಕಿಟಕಿ ಪಕ್ಕದ ಸೀಟು ಸಿಕ್ಕಿದೆ. ಹೊನ್ನಾವರ ಬರುವುದರೊಳಗೆ ಹೇಳಿ ಮುಗಿಸುತ್ತೇನೆ.

ನಮ್ಮ ಊರು ಕುಮಟೆ ಹತ್ತಿರದ ಬಾಡ. ಅಪ್ಪ ಚಿರೆಕಲ್ಲಿನ ಕ್ವಾರಿಯಲ್ಲಿ ಕಲ್ಲು ಕಡಿಯುತ್ತಿದ್ದರು, ಈಗಲೂ ಅದೇ ಕೆಲಸ. ಕುಮಟೆಯಲ್ಲೇ ಕಾಲೇಜು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಪುಸ್ತಕ ಬಿಡಿಸಿಟ್ಟುಕೊಳ್ಳಲು ಮನೆಯಲ್ಲಿ ಒಂದು ಮೂಲೆ ಇರಲಿಲ್ಲ. ದೊಡ್ಡಪ್ಪನ ಖಾನಾವಳಿಯ ಹಿಂದೆ ಆ ಮೂಲೆ ಸಿಕ್ಕಿತು, ಜೊತೆಗೆ ಎರಡು ಹೊತ್ತಿನ ಮೀನೂಟ. ಬದಲಿಗೆ ಕಾಲೇಜಿನಿಂದ ಬಂದ ಮೇಲೆ ಕೊನೆಯ ಪಂಕ್ತಿಗೆ ನಾನು ಬಡಿಸಬೇಕು. ಮೂರು ವರ್ಷ ನನ್ನ ಪ್ರಾಣಿಶಾಸ್ತ್ರದ ನೋಟು ಪುಸ್ತಕಗಳಿಂದ ಬಂಗಡೆ ಸಾರಿನ ವಾಸನೆ ಬರುತ್ತಿತ್ತು. ಲೆಕ್ಚರರುಗಳಿಗೆ ನನ್ನ ಉತ್ತರಪತ್ರಿಕೆ ಯಾವುದೆಂದು ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತೇನೋ. ಎರಡನೇ ವರ್ಷ ರಸಾಯನಶಾಸ್ತ್ರದಲ್ಲಿ ಒಮ್ಮೆ ಹೋಯಿತು. ದೊಡ್ಡಪ್ಪ ತಲೆ ಆಡಿಸಿದರು ಅಷ್ಟೇ. ಹಠ ಮಾಡಿ ಮರುಪರೀಕ್ಷೆ ಬರೆದು ಪಾಸಾದೆ. ಆಗಲೂ ತಲೆ ಆಡಿಸಿದರು.

ಈಗ ಸಾವ್ಕಾರನ ವಿಷಯಕ್ಕೆ ಬರುತ್ತೇನೆ. ಮೀನೂಟದ ಖಾನಾವಳಿಯಲ್ಲಿ ಅಕ್ವೇರಿಯಂ ಇಡುವ ಬುದ್ಧಿ ಯಾರಿಗೆ ಬರುತ್ತದೆ ಹೇಳಿ. ದೊಡ್ಡಪ್ಪನಿಗೆ ಬಂತು. ಗಲ್ಲೆಯ ಹತ್ತಿರ ಹಣೆ ಉಬ್ಬಿದ ಜಾತಿಯ ಕೆಂಪು ಮೀನಿದ್ದರೆ ಗಿರಾಕಿ ಹೆಚ್ಚುತ್ತದೆ ಎಂದು ಯಾರೋ ಹೇಳಿದರಂತೆ. ಭಟ್ಕಳದ ಮೀನಿನಂಗಡಿಯಿಂದ, ಅಂದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುವ ಮೀನಿನಂಗಡಿಯಿಂದ, ಒಂದು ಫ್ಲವರ್‌ಹಾರ್ನ್ ತಂದರು. ಅಂಗೈಯಗಲದ ಮೀನು. ಹಣೆಯ ಮೇಲೆ ರುಮಾಲು ಸುತ್ತಿದಂಥ ಉಬ್ಬು, ಮುಂದೆ ಚಾಚಿದ ಕೆಳತುಟಿ, ಬಂದವರನ್ನೆಲ್ಲ ದಿಟ್ಟಿಸಿ ನೋಡುವ ಗತ್ತು. ಗಾಜಿಗೆ ಬೆರಳು ಮುಟ್ಟಿಸಿದರೆ ಹಾಯಲು ಬರುತ್ತಿತ್ತು. ಗಿರಾಕಿಗಳೇ ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟರು. ಗಲ್ಲೆಯಲ್ಲಿ ದೊಡ್ಡಪ್ಪ, ಪಕ್ಕದ ಗಾಜಿನೊಳಗೆ ಸಾವ್ಕಾರ. ಇಬ್ಬರಲ್ಲಿ ಮಾಲೀಕರು ಯಾರು ಎಂದು ಹೊಸಬರಿಗೆ ಅನುಮಾನ ಬರುವ ಹಾಗಿತ್ತು.

ಕೊನೆಯ ಸೆಮಿಸ್ಟರಿನಲ್ಲಿ ಎಲ್ಲರೂ ಒಂದು ಪ್ರಾಜೆಕ್ಟ್ ಮಾಡಬೇಕಾಗಿತ್ತು. ಅದಿಲ್ಲದಿದ್ದರೆ ಡಿಗ್ರಿ ಇಲ್ಲ. ಗೆಳತಿಯರೆಲ್ಲ ಶರಾವತಿಯ ಹಿನ್ನೀರು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಏಡಿ ಎಂದು ಹೊರಟರು. ನಾನು ಮನೆಯಲ್ಲೇ ಇದ್ದ ಸಾವ್ಕಾರನನ್ನು ಹಿಡಿದುಕೊಂಡೆ. "ಅಕ್ವೇರಿಯಂ ಮೀನಿನ ವರ್ತನೆ: ಮೂವತ್ತು ದಿನಗಳ ಅವಲೋಕನ." ತಿಂಗಳು ಪೂರ್ತಿ ತರಗತಿಗಳಿಂದ ಬಿಡುವು. ಮಾರ್ಗದರ್ಶಕಿ ಮೇಡಂ ಒಂದೇ ಎಚ್ಚರಿಕೆ ಕೊಟ್ಟರು. "ಒಂದೇ ಮೀನು ಇಟ್ಟುಕೊಂಡಿದ್ದೀಯ. ಅದು ಸತ್ತರೆ ಮತ್ತೆ ಮೊದಲಿಂದ ಶುರು ಮಾಡಬೇಕು, ಈ ಸಲ ಅಷ್ಟು ದಿನ ಉಳಿಯುವುದಿಲ್ಲ. ಮುಂದಿನ ವರ್ಷ ಬರಬೇಕಾಗ್ತದೆ." ಬೇರೆಯವರಿಗೆ ಮುಂದಿನ ವರ್ಷ ಎಂದರೆ ಮುಂದಿನ ವರ್ಷ. ನನ್ನಂಥವಳಿಗೆ ಹಾಗಲ್ಲ. ಒಮ್ಮೆ ಬಾಡಕ್ಕೆ ಹೋಗಿ ಕೂತರೆ, ಇನ್ನೊಂದು ವರ್ಷದಲ್ಲಿ ಯಾರದೋ ಮನೆಯಲ್ಲಿ ಒಲೆಯ ಮುಂದಿರುತ್ತಿದ್ದೆ. ಡಿಗ್ರಿ ಆಗುವುದಿಲ್ಲ ಎಂಬ ದೊಡ್ಡಪ್ಪನ ಮಾತು ನಿಜವಾಗುತ್ತಿತ್ತು. ಅದನ್ನು ಅವರು ಎಂದೂ ಎತ್ತಿ ಆಡುತ್ತಿರಲಿಲ್ಲ ಎಂಬುದೇ ನನಗೆ ಹೆಚ್ಚು ಸಂಕಟ.

ಅದಕ್ಕೇ ಬಹಳ ಶಾಸ್ತ್ರೋಕ್ತವಾಗಿ ಕೆಲಸ ಶುರುಮಾಡಿದೆ. ದಪ್ಪ ರಟ್ಟಿನ ಪುಸ್ತಕ, ಮೂರು ಬಣ್ಣದ ಪೆನ್ನು. ಬೆಳಗಿನ ಟಿಪ್ಪಣಿ ನೀಲಿ, ಮಧ್ಯಾಹ್ನದ್ದು ಹಸಿರು, ಸಂಜೆಯದು ಕೆಂಪು. ಮೊದಲ ದಿನವೇ ಒಂದು ತೊಂದರೆ ಕಂಡಿತು. ನೀರಿಗೆ ಗಾಳಿಯ ಗುಳ್ಳೆ ಬಿಡುವ ಸಣ್ಣ ಪಂಪು ಗಲ್ಲೆಯ ಮೇಲೆ ಕೂತು ಗೊರ್ರ್ ಎಂದು ಸದ್ದು ಮಾಡುತ್ತಿತ್ತು. ಆ ಸದ್ದಿನಲ್ಲಿ ಮೀನಿನ ಕಿವಿರು ನಿಮಿಷಕ್ಕೆ ಎಷ್ಟು ಸಲ ಆಡುತ್ತದೆ ಎಂದು ಎಣಿಸುವುದು ಹೇಗೆ? ಉದ್ದನೆಯ ಪ್ಲಾಸ್ಟಿಕ್ ನಳಿಗೆ ತಂದು, ಗೋಡೆಯ ಮೇಲ್ಭಾಗದ ಕಿಂಡಿಯಲ್ಲಿ ತೂರಿಸಿ, ಪಂಪನ್ನು ಗೋಡೆಯ ಆಚೆ ಬದಿಗೆ ಸಾಗಿಸಿದೆ. ಪಂಪು ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಕರೆಂಟು ಹೋದಾಗ ನೀರು ತಿರುಗಿ ಪಂಪಿಗೆ ನುಗ್ಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಅದಕ್ಕೆ ಸ್ಟೂಲು ಹತ್ತಿ, ಆದಷ್ಟು ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ಖಾನಾವಳಿಯಲ್ಲಿ ಶಾಂತಿ ನೆಲೆಸಿತು. "ಓದಿದ್ದಕ್ಕೆ ಒಂದು ಉಪ್ಯೋಗ ಆತು" ಎಂದರು ದೊಡ್ಡಪ್ಪ. ನಾನು ಪುಸ್ತಕದ ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ಬರೆದೆ: "ಶಬ್ದದ ಅಡಚಣೆಯನ್ನು ನಿವಾರಿಸಲಾಯಿತು." ಅಡಿಗೆರೆ ಬೇರೆ.

ಐದನೇ ದಿನ ಸಾವ್ಕಾರ ಕೆಮ್ಮಿದ.

ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಅವನು ಇದ್ದಕ್ಕಿದ್ದಂತೆ ಬಾಯಿ ಅಗಲಿಸಿ, ಎರಡೂ ಕಿವಿರಿನ ಮುಚ್ಚಳ ಉಬ್ಬಿಸಿ, ಮೈ ಝಾಡಿಸಿದ. ಮತ್ತೊಮ್ಮೆ. ಮತ್ತೊಮ್ಮೆ. ಹನ್ನೆರಡರ ಹೊತ್ತಿಗೆ ನೀರಿನ ಮೇಲ್ಮೈಗೆ ಬಂದು ಬಾಯಿ ಚಾಚಿ ಗಾಳಿ ನುಂಗತೊಡಗಿದ. ಎರಡು ಗಂಟೆಗೆ ಅವನ ಕೆಂಪೆಲ್ಲ ಇಳಿದು ಒಲೆಯ ಬೂದಿಯ ಬಣ್ಣವಾಯಿತು. ಕಲ್ಲಿನ ಹಿಂದೆ ಹೋಗಿ ಒಂದು ಪಕ್ಕಕ್ಕೆ ವಾಲಿ ನಿಂತ. ಬೆರಳು ತೋರಿಸಿದರೆ ಹಾಯಲಿಲ್ಲ, ಕಾಳು ಹಾಕಿದರೆ ತಿನ್ನಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಏನೂ ಆಗಿಲ್ಲವೆಂಬಂತೆ ಗತ್ತಿನಲ್ಲಿ ತಿರುಗುತ್ತಿದ್ದಾನೆ. ಹತ್ತೂವರೆಗೆ ಮತ್ತೆ ಕೆಮ್ಮು. "ಕೆಮ್ಮಿದಂತೆ ವರ್ತನೆ" ಎಂದು ಬರೆದುಕೊಂಡು ಹೋಗಿ ಮೇಡಂ ಹತ್ತಿರ ಹೆದರುತ್ತ ತೋರಿಸಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. "ಮೀನು ಕೆಮ್ಮುತ್ತದೆ. ಕಿವಿರಿಗೆ ಏನಾದರೂ ಸಿಕ್ಕಿಕೊಂಡರೆ ಹಾಗೇ ಝಾಡಿಸುತ್ತದೆ. ಏನು ಸಿಕ್ಕಿಕೊಳ್ತಿದೆ ಅಂತ ನೀನೇ ಹುಡುಕು" ಎಂದು ಬಾಗಿಲವರೆಗೆ ಬಂದು ನನ್ನನ್ನು ಕಳಿಸಿದರು.

ಖಾನಾವಳಿಯಲ್ಲಿ ಹುಡುಕುವ ಕೆಲಸ ಆಗಲೇ ನಡೆದಿತ್ತು. ಮೂಲೆಯ ಟೇಬಲ್ಲಿಗೆ ದಿನಾ ಊಟಕ್ಕೆ ಬರುವ ಒಬ್ಬ ಬಸ್ ಡ್ರೈವರಣ್ಣ ಇದ್ದ. ಬಂಗಡೆಯ ಮುಳ್ಳು ಬಿಡಿಸುತ್ತ ಅವನು ತನ್ನ ತೀರ್ಮಾನ ಕೊಟ್ಟ.

"ಅವ್ನ ಎದ್ರಿಗೇ ಅವ್ನ ಅಣ್ತಮ್ಮಂದಿರ ಹುರಿದು ಬಡಿಸ್ತ್ರಿ. ಬೇಜಾರಾಗೂದಿಲ್ವಾ ಮತ್ತೆ?"

ಎಲ್ಲರೂ ನಕ್ಕರು. ಆದರೆ ಮರುದಿನ ಸೋಮವಾರ. ಸೋಮವಾರ ನಮ್ಮಲ್ಲಿ ಮೀನು ಇಲ್ಲ. ಖಾನಾವಳಿಗೆ ರಜೆ, ಒಲೆ ತಣ್ಣಗೆ. ಅಂದು ಸಾವ್ಕಾರ ಕೆಮ್ಮಲಿಲ್ಲ, ವಾಲಲಿಲ್ಲ, ಸಂಜೆಯವರೆಗೂ ದಾಸವಾಳದ ಹಾಗೆ ಕೆಂಪಗಿದ್ದ. ಮಂಗಳವಾರ ಬಂಗಡೆ ಬಂತು, ಅವನು ಬೂದಿಯಾದ. ಡ್ರೈವರಣ್ಣನ ಮಾತಿಗೆ ಈಗ ಪುರಾವೆ ಸಿಕ್ಕಿತು. ದೊಡ್ಡಪ್ಪ ನಗುವುದನ್ನು ನಿಲ್ಲಿಸಿದರು.

ನಾನು ವಿಜ್ಞಾನದ ಪರವಾಗಿ ವಾದಕ್ಕಿಳಿದೆ. "ದೊಡ್ಡಪ್ಪ, ಇದು ಸಿಹಿನೀರಿನ ಮೀನು. ಬಂಗಡೆ ಸಮುದ್ರದ್ದು. ಜಾತಿ ಬೇರೆ, ಕುಲ ಬೇರೆ. ಒಂದಕ್ಕೊಂದು ಸಂಬಂಧವೇ ಇಲ್ಲ."

"ಬಾಡದವ್ರು ಮುಂಬೈಗೆ ಹೋಗಿ ಕೂತ್ರೆ ನೆಂಟಸ್ತನ ಹೋಗ್ತದ್ಯನೆ?" ಎಂದರು ದೊಡ್ಡಪ್ಪ.

ನಾನು ಪಠ್ಯಪುಸ್ತಕ ಮುಚ್ಚಿಟ್ಟೆ. ಅಂದಿನಿಂದ ಊಟದ ಹೊತ್ತಿಗೆ ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಅಕ್ವೇರಿಯಮ್ಮಿಗೆ ಹೊದಿಸತೊಡಗಿದರು, ಸಾವ್ಕಾರನಿಗೆ ಏನೂ ಕಾಣಬಾರದೆಂದು. ಅಡುಗೆಮನೆಯಿಂದ ದೊಡ್ಡಮ್ಮ ಇಣುಕಿ, "ಮೀನಿಗೆ ಮುಸುಕು ಹಾಕ್ದ ಗಂಡಸ್ನ ನಾ ಇಲ್ಲೇ ನೋಡಿದ್ದು" ಎಂದಳು. ಟವೆಲ್ಲಿನಿಂದ ಏನೂ ಆಗಲಿಲ್ಲ. ಮುಸುಕಿನೊಳಗೂ ಅವನು ಕೆಮ್ಮುತ್ತಿದ್ದ. ನಾನು ಮಾತ್ರ ಆ ಟವೆಲ್ಲನ್ನೂ ಪುಸ್ತಕದಲ್ಲಿ ದಾಖಲಿಸಿಬಿಟ್ಟೆ: "ಮೀನಿನ ದೃಷ್ಟಿಗೆ ತಡೆ ಒಡ್ಡಿದರೂ ಲಕ್ಷಣಗಳಲ್ಲಿ ವ್ಯತ್ಯಾಸ ಇಲ್ಲ." ಓದಿದವರ ಬುದ್ಧಿ ನೋಡಿ, ಯಾರ ಟವೆಲ್ಲಾದರೂ ಸರಿ, ಅದನ್ನು ಪ್ರಯೋಗ ಮಾಡಿಕೊಂಡುಬಿಡುತ್ತೇವೆ.

ನನ್ನದೇ ಪತ್ತೆದಾರಿಕೆಯ ಕಥೆ ಅದಕ್ಕಿಂತ ಮರ್ಯಾದೆಯದೇನಲ್ಲ. ಗ್ರಂಥಾಲಯದಿಂದ ಮೀನಿನ ರೋಗಗಳ ಪುಸ್ತಕ ತಂದೆ. ಮೊದಲು ಬಿಳಿ ಚುಕ್ಕೆ ರೋಗ ಎಂದುಕೊಂಡು ಸಾವ್ಕಾರನ ಮೈಮೇಲೆ ಮೂರು ಬಿಳಿ ಚುಕ್ಕೆ ಎಣಿಸಿದೆ. ಟ್ಯೂಬ್‌ಲೈಟು ಆರಿಸಿದಾಗ ಮೂರೂ ಹೋದವು. ಆಮೇಲೆ ಕಿವಿರಿನ ಹುಳ ಎಂದುಕೊಂಡೆ. ಆಮೇಲೆ ಹೊಟ್ಟೆಯ ರೋಗ. ಎರಡು ದಿನ ಉಪವಾಸ ಹಾಕಿದೆ. ಉಪವಾಸದಲ್ಲೂ ಅವನು ಹತ್ತೂವರೆಗೆ ಸರಿಯಾಗಿ ಕೆಮ್ಮಿದ. ರೋಗದ ಹೆಸರು ಉದ್ದವಾದಷ್ಟೂ ನನಗೆ ಧೈರ್ಯ ಹೆಚ್ಚುತ್ತಿತ್ತು. ಮೀನಿಗೆ ಏನೂ ಆಗುತ್ತಿರಲಿಲ್ಲ.

ಹನ್ನೆರಡನೇ ದಿನ ಭಟ್ಕಳಕ್ಕೆ ಹೋದೆ. ಸಾವ್ಕಾರನನ್ನು ಮಾರಿದ ಅಂಗಡಿಯವರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ, ಸುತ್ತ ನಲವತ್ತು ಗಾಜಿನ ಪೆಟ್ಟಿಗೆಗಳ ಬುಳುಬುಳು. ನಾನು ಒಂದೇ ಉಸಿರಿಗೆ ನಾಲ್ಕು ಲ್ಯಾಟಿನ್ ಹೆಸರು ಹೇಳಿದೆ. ಅವರು ಕೈ ಅಡ್ಡ ಹಿಡಿದರು.

"ಬೀಮಾರಿ ಹೆಸರು ಬೇಡ ಬೇಟಿ. ಹಾಲತ್ ಹೇಳು. ಅಂವ ಏನ್ ಮಾಡ್ತಾನೆ?"

ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಒಂದೊಂದೇ ಪ್ರಶ್ನೆ. ನೀರು ಬದಲಾಯಿಸಿದಿರಾ? ಇಲ್ಲ. ತಿನ್ನುವ ಕಾಳು ಬದಲಾಯಿಸಿದಿರಾ? ಇಲ್ಲ. ಪೆಟ್ಟಿಗೆಯ ಜಾಗ? ಇಲ್ಲ. ಹೊಸದಾಗಿ ಏನಾದರೂ ಇಟ್ಟಿರಾ, ತೆಗೆದಿರಾ?

"ಏನೂ ಬದಲಾಗಿಲ್ಲ ಚಾಚಾ" ಎಂದೆ, ಹೆಮ್ಮೆಯಿಂದ. "ಎಲ್ಲ ಬರೆದಿಟ್ಟಿದ್ದೇನೆ."

"ಏನೂ ಬದಲಿ ಆಗ್ದೆ ಜಾನ್ವರ್ ಬೀಮಾರ್ ಆಗೂದಿಲ್ಲ. ಮನೆಗೆ ಹೋಗು, ಬರ್ದಿದ್ದನ್ನ ಓದು. ದವಾ ಆಮೇಲೆ."

ನನಗೆ ದವಾ ಬೇಕಾಗಿತ್ತು. ಪ್ರಾಜೆಕ್ಟಿನಲ್ಲಿ "ಚಿಕಿತ್ಸೆ" ಎಂಬ ಅಧ್ಯಾಯ ಇರಬೇಕು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಹಠ ಹಿಡಿದೆ. ಚಾಚಾ ನಿಟ್ಟುಸಿರು ಬಿಟ್ಟು ಒಂದು ಪುಟ್ಟ ನೀಲಿ ಸೀಸೆ ಕೊಟ್ಟರು. ಆ ನೀಲಿ ನೀರಿಗೆ ಹಿಡಿಯಿತು, ಗಾಜಿಗೆ ಹಿಡಿಯಿತು, ದೊಡ್ಡಪ್ಪನ ಟವೆಲ್ಲಿಗೆ ಹಿಡಿಯಿತು, ನನ್ನ ಹತ್ತೂ ಬೆರಳಿಗೆ ಹಿಡಿಯಿತು. ಬಡಿಸಲು ಹೋದಾಗ ಡ್ರೈವರಣ್ಣ ತನ್ನ ಎಲೆಯನ್ನು ಸ್ವಲ್ಪ ಹಿಂದೆ ಎಳೆದುಕೊಂಡು, "ತಂಗೀ, ಚುನಾವಣೆ ಆತಾ?" ಎಂದು ಕೇಳಿದ.

ಹದಿನಾರನೇ ದಿನ ಸಾವ್ಕಾರ ಪೂರ್ತಿ ಅಡ್ಡ ಮಲಗಿಬಿಟ್ಟ. ಕಲ್ಲಿಗೆ ಒರಗಿ, ಒಂದು ಕಣ್ಣು ಮೇಲೆ ಮಾಡಿಕೊಂಡು, ಬಹಳ ಹೊತ್ತಿಗೊಮ್ಮೆ ಕಿವಿರು ಆಡಿಸುತ್ತಿದ್ದ. ಎಣಿಸಲು ಗಡಿಯಾರ ಹಿಡಿದು ಕೂತ ನನಗೆ ಅಂಕಿಗಳು ಮಸುಕಾಗಿ ಕಂಡವು. ಮರುದಿನ ಬೆಳಿಗ್ಗೆ ಎದ್ದು ನಿಂತ, ನಿಜ. ಆದರೆ ಹಾಯುವ ಹುಮ್ಮಸ್ಸು ಇರಲಿಲ್ಲ. ಇನ್ನು ಹದಿಮೂರು ದಿನ ಇವನು ಬಾಳಿಕೆ ಬರುವುದಿಲ್ಲ ಎಂದು ನನಗೆ ಗೊತ್ತಾಗಿಹೋಯಿತು. ದೊಡ್ಡಪ್ಪನಿಗೂ ಗೊತ್ತಾಯಿತೆಂದು ಕಾಣುತ್ತದೆ. ಅವರು ಟವೆಲ್ಲು ಹೊದಿಸಿ, ಅದರ ಅಂಚು ಸರಿಮಾಡಿ, ಗಲ್ಲೆಯಲ್ಲಿ ಕುಸಿದು ಕೂತರು.

"ಕಣ್ಣು ಮುಚ್ಚಿದ್ರೆ ಆತಾ?" ಎಂದರು, ತಮಗೇ ಹೇಳಿಕೊಂಡಂತೆ. "ಹುರಿಯೂ ವಾಸ್ನೆ ಬರೂದಿಲ್ವಾ ಅವಂಗೆ?"

ನೀರಿನೊಳಗಿರುವ ಮೀನಿಗೆ ಅಡುಗೆಮನೆಯ ವಾಸನೆ ಎಲ್ಲಿಂದ ಬರಬೇಕು ದೊಡ್ಡಪ್ಪ, ಎಂದು ಹೇಳಲು ನಾನು ಬಾಯಿ ತೆರೆದೆ. ಬಾಯಿ ತೆರೆದದ್ದಷ್ಟೇ. ಒಳಗೆ ದೊಡ್ಡಮ್ಮ ಕಾವಲಿಗೆ ಒಣಮೆಣಸು ಹಾಕಿದಳು. ಆ ಘಾಟು ಬಂದು ಮೊದಲು ದೊಡ್ಡಪ್ಪ ಕೆಮ್ಮಿದರು. ಬೇಗ ಬಂದು ಚಹಾ ಕುಡಿಯುತ್ತಿದ್ದ ಡ್ರೈವರಣ್ಣ ಕೆಮ್ಮಿದ. ನಾನು ಕೆಮ್ಮಿದೆ. ಕೆಮ್ಮುತ್ತಲೇ, ಯಾಕೋ, ಟವೆಲ್ಲಿನ ಅಂಚು ಎತ್ತಿ ನೋಡಿದೆ. ಸಾವ್ಕಾರ ಕಿವಿರು ಉಬ್ಬಿಸಿ ನಮ್ಮ ಜೊತೆಗೇ ಕೆಮ್ಮುತ್ತಿದ್ದ.

ಗೋಡೆಯ ಗಡಿಯಾರ ನೋಡಿದೆ. ಹತ್ತೂವರೆ.

ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದು, ಗುಳ್ಳೆ ಒಡೆಯುವ ಜಾಗಕ್ಕೆ ಮೂಗು ಒಡ್ಡಿದೆ. ದೇವರಾಣೆ, ನೀರಿನಿಂದ ಹುರಿದ ಮೆಣಸಿನ ವಾಸನೆ ಬರುತ್ತಿತ್ತು. ನೀರಿನ ಮೇಲೆ ತೆಳ್ಳಗೆ ಜಿಡ್ಡಿನ ಪೊರೆ. ಅದನ್ನು ನಾನು ಹತ್ತು ದಿನದಿಂದ ನೋಡುತ್ತಿದ್ದೆ, "ಕಾಳಿನ ಎಣ್ಣೆ" ಎಂದು ಹಸಿರು ಶಾಯಿಯಲ್ಲಿ ಬರೆದೂ ಇದ್ದೆ. ಗುಳ್ಳೆ ಬರುವ ನಳಿಗೆಯ ಮೇಲೆ ಬೆರಳಿಟ್ಟೆ. ಬೆರಳು ಗೋಡೆ ಹತ್ತಿತು. ಕಿಂಡಿಯವರೆಗೆ ಹೋಯಿತು. ನಾನು ಗೋಡೆ ಬಳಸಿ ಅಡುಗೆಮನೆಗೆ ಹೋದೆ. ಅಲ್ಲಿ, ಒಲೆಯ ನೆತ್ತಿಯ ಮೇಲೆ, ಹೊಗೆಯೆಲ್ಲ ಹೋಗಿ ಸೇರುವ ಮೂಲೆಯಲ್ಲಿ, ಮೈತುಂಬ ಎಣ್ಣೆ ಮಸಿ ಮೆತ್ತಿಕೊಂಡು ನನ್ನ ಪಂಪು ತೂಗುತ್ತಿತ್ತು. ಪುಸ್ತಕ ಹೇಳಿದ್ದಕ್ಕಿಂತಲೂ ಒಂದು ಮೊಳ ಎತ್ತರದಲ್ಲಿ. ಮೆಣಸಿನ ಘಾಟು, ಬಂಗಡೆ ಹುರಿದ ಎಣ್ಣೆಹೊಗೆ, ಎಲ್ಲವನ್ನೂ ಹೀರಿ ಹೀರಿ ಅದು ಸಾವ್ಕಾರನ ನೀರಿಗೆ ಊದುತ್ತಿತ್ತು. ನಾಲ್ಕು ದಿನ ಹೇಗೋ ತಡೆದುಕೊಂಡು, ಜಿಡ್ಡು ಕೂಡಿಕೂಡಿ ಐದನೆಯ ದಿನ ಅವನು ಸೋತಿದ್ದ. ಸೋಮವಾರ ಮಾತ್ರ ಅವನಿಗೆ ಶುದ್ಧ ಗಾಳಿ.

"ಎಂತಾತೇ?" ಎಂದಳು ದೊಡ್ಡಮ್ಮ, ಸಟ್ಟುಗ ಹಿಡಿದುಕೊಂಡು. "ಭೂತ ಕಂಡಾಂಗೆ ನಿಂತ್ಕಂಡೆ?"

ಸ್ಟೂಲು ಎಳೆದು, ಪಂಪನ್ನು ಇಳಿಸಿ, ಹಳೇ ಜಾಗಕ್ಕೆ ತಂದಿಟ್ಟೆ. ಗೊರ್ರ್ ಸದ್ದು ಮತ್ತೆ ಶುರುವಾಯಿತು. ಮೂರು ದಿನ ಸ್ವಲ್ಪ ಸ್ವಲ್ಪವಾಗಿ ನೀರು ಬದಲಾಯಿಸಿದೆ. ನಾಲ್ಕನೆಯ ದಿನ ಬಂಗಡೆಯೂ ಇತ್ತು, ಮೆಣಸೂ ಇತ್ತು. ಸಾವ್ಕಾರ ಕೆಂಪಗೆ, ಗತ್ತಿನಿಂದ, ಡ್ರೈವರಣ್ಣನ ಬೆರಳಿಗೆ ಹಾಯಲು ಬಂದ. ದೊಡ್ಡಪ್ಪ ಖಾನಾವಳಿಗೆಲ್ಲ ಕೇಳುವಂತೆ, "ಟವೆಲ್ ನಾ ಬಿಡ್ಲಿಲ್ಲ ನೋಡಿ. ಅದ್ರಿಂದ ಆತು" ಎಂದು ಸಾರಿದರು.

ನಾನು ಎರಡು ವಾರ ಬಾಯಿ ಬಿಡಲಿಲ್ಲ. ರಾತ್ರಿ ಹೊರಳಾಡಿದೆ ಎಂದೆಲ್ಲ ಹೇಳುವುದಿಲ್ಲ, ಚೆನ್ನಾಗಿಯೇ ನಿದ್ದೆ ಮಾಡಿದೆ. ಆದರೆ ವರದಿ ಬರೆಯುವ ದಿನ ಬಂತು. ಮೂವತ್ತು ದಿನ ಮುಗಿದಿತ್ತು. "ಕಾರಣ" ಎಂಬ ತಲೆಬರಹ ಬರೆದು ಪೆನ್ನು ನಿಂತಿತು. ಮೀನು ದೊಡ್ಡಪ್ಪನದು. ಮೊದಲು ಅವರಿಗೆ ಹೇಳುವುದು ನ್ಯಾಯ ಎಂದು, ಗಿರಾಕಿ ಕರಗಿದ ಮೇಲೆ ಹೋಗಿ ಗಲ್ಲೆಯ ಮುಂದೆ ನಿಂತು ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಬಾಯಿ ಸಾವ್ಕಾರನ ಹಾಗೇ ತೆರೆದುಕೊಂಡಿತು.

"ಕೇಳ್ದ್ಯನೆ?" ಎಂದು ಒಳಗೆ ಕೂಗಿದರು. "ನಿನ್ನ ಒಗ್ಗರ್ಣೆ ಎಲ್ಲ ಮೀನಿನ ಮೂಗಿಗೆ ಹೋಗ್ತಿತ್ತಂತೆ."

"ಹಂಗಾರೆ ಅವಂಗೆ ನನ್ನ ಸಾರು ಹೆಂಗಿರ್ತದೆ ಗೊತ್ತಾತು" ಎಂದು ಉತ್ತರ ಬಂತು.

ಬೈಯುತ್ತಾರೆಂದು ಕಾದೆ. ದೊಡ್ಡಪ್ಪ ಬೈಯಲಿಲ್ಲ. ಸುತ್ತ ನೋಡಿ, ದನಿ ತಗ್ಗಿಸಿ, ಗಲ್ಲೆಯ ಮೇಲೆ ಬಾಗಿದರು. "ತಂಗೀ, ಇದ್ನ ನಿನ್ನ ಪುಸ್ತಕದಲ್ಲಿ ಬರ್ದ್ಯಾ?"

"ಇನ್ನೂ ಇಲ್ಲ."

"ಬರೀಬೇಡ. ಮೀನು ಬದುಕ್ತಲ್ಲ, ಆತು. ನೀಲಿ ಔಷ್ಧಿ ಹಾಕ್ದೆ, ಗುಣ ಆತು ಅಂತ ಬರಿ. ತಪ್ಪು ನಂದೇ ಅಂತ ಬರ್ಕಂಡ್ ಹೋದವ್ರನ್ನ ಯಾರು ಪಾಸ್ ಮಾಡ್ತ್ರು? ಇಲ್ಲೀವರೆಗೆ ಬಂದು ಈಗ ಹಾಳ್ಮಾಡ್ಕಂಬೇಡ."

ನಾನು ಅವರ ಮುಖ ನೋಡಿದೆ. ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದವರು ಅದು ಎಲ್ಲಿ ಆಗದೆ ಹೋಗುತ್ತದೋ ಎಂದು ಹೆದರಿ ಕೂತಿದ್ದರು. ಯಾವ ತಿಂಗಳಲ್ಲಿ, ಯಾವ ವರ್ಷದಲ್ಲಿ ಈ ಬದಲಾವಣೆ ಆಯಿತೋ, ಅದನ್ನು ಮೂರು ಬಣ್ಣದ ಪೆನ್ನಿದ್ದ ನಾನು ಬರೆದಿಟ್ಟುಕೊಂಡಿರಲಿಲ್ಲ.

ಅವರು ಹೇಳಿದಂತೆ ಮಾಡಲು ಮನಸ್ಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೋಣೆಗೆ ಹೋಗಿ ಒಂದು ಗಂಟೆ ಪ್ರಯತ್ನಪಟ್ಟೆ. ಆದರೆ ನೀಲಿ ಔಷಧಿ ಹಾಕಿದ ದಿನಗಳಲ್ಲೇ ಸಾವ್ಕಾರನ ಸ್ಥಿತಿ ಕೆಟ್ಟಿತ್ತು. ಔಷಧಿಯಿಂದ ಗುಣವಾಯಿತು ಎನ್ನಬೇಕಾದರೆ ಎಷ್ಟೋ ಪುಟಗಳ ನೀಲಿ, ಹಸಿರು, ಕೆಂಪು ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಒಂದು ಸುಳ್ಳಿಗೆ ಅಷ್ಟು ದುಡಿಯುವ ಜಾಣತನ ನನಗಿನ್ನೂ ಬಂದಿರಲಿಲ್ಲ. ಓದಿನಲ್ಲಿ ನಮ್ಮದು ಮೊದಲ ತಲೆಮಾರು ನೋಡಿ. ಇನ್ನೊಂದು ಮಾತೂ ಇತ್ತು. ಬರೆದದ್ದನ್ನು ಓದು ಎಂದು ಚಾಚಾ ಹೇಳಿದ್ದರು. ನಾನು ಓದಿರಲಿಲ್ಲ. ಈಗ ಓದಿದೆ, ಮೊದಲ ಪುಟದಲ್ಲೇ ಉತ್ತರ ಇತ್ತು, ಅಡಿಗೆರೆಯ ಸಮೇತ. ಆ ಪುಟ ಹರಿದರೆ ನಾನು ಕಲಿತ ಒಂದೇ ಒಂದು ಸಂಗತಿಯೂ ಅದರ ಜೊತೆ ಹೋಗುತ್ತಿತ್ತು. "ಕಾರಣ" ಎಂಬುದರ ಕೆಳಗೆ, ಪಂಪಿನ ಸ್ಥಾನವನ್ನು ಅವಲೋಕನ ಮಾಡುವವಳೇ ಮೊದಲ ದಿನ ಬದಲಾಯಿಸಿದ್ದು ಎಂದು ಬರೆದೆ.

ಮೌಖಿಕ ಪರೀಕ್ಷೆಗೆ ಹೊರಗಿನ ಕಾಲೇಜಿನಿಂದ ಬಂದವರು ಬಿಗಿ ಮುಖದ ಹಿರಿಯರು. ನನ್ನ ವರದಿಯನ್ನು ತಿರುವಿ ಹಾಕಿ, ತಲೆ ಎತ್ತದೆ ಕೇಳಿದರು. "ರೋಗದ ಕಾರಣ?"

"ನಾನು, ಸರ್."

ಪಕ್ಕದಲ್ಲಿದ್ದ ಮೇಡಂ ಫ್ಯಾನು ನೋಡತೊಡಗಿದರು. ಪರೀಕ್ಷಕರು ಕಾರಣದ ಪುಟ ಓದಿದರು, ಮೊದಲ ಪುಟಕ್ಕೆ ಹೋದರು, ಅಡಿಗೆರೆಯ ಮೇಲೆ ಬೆರಳಿಟ್ಟರು. "ಇದನ್ನ ನೀನು ಬರೆಯದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಯಾಕೆ ಬರೆದೆ?"

ಸತ್ಯದ ಬಗ್ಗೆ, ವಿಜ್ಞಾನದ ಬಗ್ಗೆ ಹೇಳಬಹುದಾದ ಎಷ್ಟೋ ಒಳ್ಳೆಯ ಮಾತುಗಳು ಆಮೇಲೆ ಹೊಳೆದವು. ಆಗ ಬಾಯಿಂದ ಬಂದದ್ದು ಶುದ್ಧ ಬಾಡದ ಮಾತು. "ಮೂರು ಬಣ್ಣದ ಪೆನ್ನು ಸರ್. ತಿದ್ದೂಕೆ ಆಗ್ಲಿಲ್ಲ."

ಅವರು ಕನ್ನಡಕ ತೆಗೆದು ನಕ್ಕರು. ಬಹಳ ಹೊತ್ತು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ನನ್ನನ್ನು ಬಿಡದೆ ಅರೆದರು. ಕಿವಿರಿನ ರಚನೆ, ನೀರಿನಲ್ಲಿ ಪ್ರಾಣವಾಯು ಕರಗುವ ಬಗೆ, ಎಣ್ಣೆ ಪೊರೆ ಅದನ್ನು ಹೇಗೆ ತಡೆಯುತ್ತದೆ, ಟವೆಲ್ಲಿನ ಪ್ರಯೋಗದಿಂದ ಏನು ಸಿದ್ಧವಾಯಿತು. ಎಲ್ಲಕ್ಕೂ ಉತ್ತರ ಹೇಳಿದೆ, ಯಾಕೆಂದರೆ ಎಲ್ಲವನ್ನೂ ಮೂಗಿನಲ್ಲಿ, ಬೆರಳಿನಲ್ಲಿ ಕಲಿತಿದ್ದೆ. ಪಾಸಾದೆ.

ಆದರೆ ದೊಡ್ಡಪ್ಪ ಅದನ್ನು ಪೂರ್ತಿ ನಂಬಲಿಲ್ಲ. ಫಲಿತಾಂಶ ಮೊಬೈಲಿನಲ್ಲಿ ತೋರಿಸಿದಾಗ, "ಇದು ಫೋನು. ಕಾಗದ ಬರ್ಲಿ" ಎಂದರು. ಅಂಕಪಟ್ಟಿ ಬಂದಾಗ, "ಇದು ಮಾರ್ಕಿನ ಕಾಗದ. ದೊಡ್ಡ ಕಾಗದ ಬೇರೆ ಇರ್ತದಲ್ಲ" ಎಂದರು. ನನಗೆ ಭಟ್ಕಳದಲ್ಲಿ ಕೆಲಸ ಸಿಕ್ಕಿ, ವಿಜ್ಞಾನದ ಟೀಚರ್ ಅನ್ನಿಸಿಕೊಂಡು ವರ್ಷವಾಗುತ್ತ ಬಂದರೂ, ಎಲ್ಲೋ ದೂರದ ದೊಡ್ಡ ಕಚೇರಿಯಲ್ಲಿ ಯಾರೋ ನನ್ನ ವರದಿಯನ್ನು ಮತ್ತೆ ಬಿಡಿಸಿ, ಆ ಪುಟ ಓದಿ, ಕೊಟ್ಟದ್ದನ್ನು ವಾಪಸು ಕೇಳುತ್ತಾರೆ ಎಂಬ ಭಯ ಅವರನ್ನು ಬಿಟ್ಟಿರಲಿಲ್ಲ.

ಬಸ್ಸು ಶರಾವತಿಯ ಸೇತುವೆ ದಾಟಿತು. ಇಳಿದು ಕಾಲೇಜಿನ ಗೇಟಿಗೆ ಹೋದರೆ, ನಾನು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದೇ ತಡ, ದೊಡ್ಡಪ್ಪ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಆಗಲೇ ಬಂದು ನಿಂತಿದ್ದಾರೆ. ಖಾನಾವಳಿಯನ್ನು ದೊಡ್ಡಮ್ಮನಿಗೆ, ಗಲ್ಲೆಯನ್ನು ಸಾವ್ಕಾರನಿಗೆ ಒಪ್ಪಿಸಿ ಬಂದರಂತೆ. ಮೂರು ವರ್ಷ ನಾನು ದಿನಾ ಹತ್ತಿದ ಮೆಟ್ಟಿಲನ್ನು ಅವರು ಇಂದೇ ಮೊದಲ ಸಲ ಹತ್ತಿದರು. ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಬೇಡ ದೊಡ್ಡಪ್ಪ, ಇಲ್ಲಿ ಯಾರೂ ಬಿಡುವುದಿಲ್ಲ ಎಂದೆ. ಕೇಳಿಸಲಿಲ್ಲವೋ, ಕೇಳಲಿಲ್ಲವೋ.

ಗುಮಾಸ್ತರು ದಪ್ಪ ರಿಜಿಸ್ಟರು ತಿರುಗಿಸಿ ಸಹಿ ಮಾಡಿಸಿಕೊಂಡರು. "ಕೆಮ್ಮು ಹೇಗಿದೆ?" ಎಂದು ಕೇಳಿ, ಕಪಾಟಿನಿಂದ ಉದ್ದ ಲಕೋಟೆ ತೆಗೆದು, ಒಳಗಿನ ಕಾಗದವನ್ನು ಹೊರಗೆಳೆದು ಹೆಸರು ಸರಿ ಇದೆಯೇ ನೋಡಿಕೊಳ್ಳಿ ಎಂದು ಕೊಟ್ಟರು. ಗಟ್ಟಿ ಕಾಗದ. ನನ್ನ ಹೆಸರು, ಅಪ್ಪನ ಹೆಸರು, ಕೆಳಗೆ ಮುದ್ರೆ. ನಾನು ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟೆ.

ಅವರು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಹೋದರು. ತುಟಿ ಆಡಿಸುತ್ತ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಮತ್ತೆ ಮೊದಲಿನಿಂದ ಓದಿದರು. ಹಿಂದೆ ತಿರುಗಿಸಿ ನೋಡಿದರು; ಹಿಂದೆ ಖಾಲಿ. ಮತ್ತೆ ಮುಂದೆ ತಿರುಗಿಸಿ, ಮುದ್ರೆಯ ಸುತ್ತಲಿನ ಸಣ್ಣ ಅಕ್ಷರಗಳನ್ನೂ ಬಿಡದೆ ಹುಡುಕಿದರು. ಕೊನೆಗೆ ಅವರು ಉಸಿರು ಬಿಟ್ಟು, ಕಾಗದವನ್ನು ಲಕೋಟೆಯೊಳಗೆ ಜಾರಿಸಿ, ನನ್ನ ಕೈಯಲ್ಲಿಟ್ಟರು.

"ನಿನ್ನ ತಪ್ಪು ಇದ್ರಲ್ಲಿ ಎಲ್ಲೂ ಬರ್ದಿಲ್ಲ, ತಂಗೀ" ಎಂದರು. "ಸೀದಾ ಬಾಡಕ್ಕೆ ಹೋಗು. ಅಪ್ಪಂಗೆ ಧೈರ್ಯದಿಂದ ತೋರ್ಸು."